ಗ್ಯಾಸ್ಕೆಟ್ಟಿನ ಕಾಗದ

ಮೂರನೇ ಮಹಡಿಗೆ ಅದನ್ನು ಹೊತ್ತಿದ್ದು ನಾವಿಬ್ಬರೇ,
ನಾನೂ ಗುಂಟಿಸನೂ, ಬೀಟ್‌ರೂಟಿನ ಗೋಣಿಯಲ್ಲಿ ಕಟ್ಟಿ,
ಮೆಟ್ಟಿಲಿಗೊಂದು ಬೈಗುಳದಂತೆ.
ಎರಡನೇ ಮಹಡಿಯ ಸ್ಕೈದ್ರೀತೆ ಬಾಗಿಲ ಸಂದಿಗೆ ಮೂಗಿಟ್ಟು
‘ಹಂದಿಯೇ?’ ಅಂದಳು.
‘ಜಾವಾ ಎಂಜಿನ್ನು. ಐವತ್ತೊಂಬತ್ತರದು.’
‘ಹಂದಿಯಾದರೆ ತಿನ್ನಬಹುದಿತ್ತು.’

ಸ್ಕ್ರುಂದದ ಹತ್ತಿರ ಯಾರದೋ ಕೊಟ್ಟಿಗೆಯಲ್ಲಿ
ಇಪ್ಪತ್ತಾರು ವರ್ಷ ನಿಂತಲ್ಲೇ ನಿಂತಿತ್ತಂತೆ.
ಏರ್ ಫಿಲ್ಟರಿನಲ್ಲಿ ಇಲಿಯ ಬಾಣಂತನ,
ಕಾರ್ಬುರೇಟರಿನಲ್ಲಿ ಹಸಿರು ಕಿಲುಬು.
ಪಿಸ್ಟನ್ನು ಮಾತ್ರ ಹಟ ಹಿಡಿದು
ಸಿಲಿಂಡರನ್ನು ಅವುಚಿಕೊಂಡಿತ್ತು, ಬಿಡಲೊಲ್ಲೆನೆಂದು.
ಪ್ಲಗ್ಗಿನ ತೂತಿನಿಂದ ಡೀಸೆಲ್ ಕುಡಿಸಿದೆ,
ಜ್ವರದ ಕೂಸಿಗೆ ಗಂಜಿ ಕುಡಿಸಿದ ಹಾಗೆ,
ನಿನ್ನೆ ಒಂದು ಚಮಚ, ಇವತ್ತು ಒಂದು.
‘ಸುತ್ತಿಗೆ ತರಲೇ?’ ಅಂದ ಗುಂಟಿಸ್.
ಬೇಡ. ಮೂವತ್ತೊಂದು ವರ್ಷ ರೈ ಹಿಟ್ಟು ನಾದಿದವಳು ನಾನು,
ಬೆಳಗಿನ ಮೂರಕ್ಕೆ ಬೇಕರಿಯ ದೀಪ ಹಚ್ಚಿದವಳು.
ಹುಳಿ ಬರುವ ತನಕ ಕಾಯುವುದು ಗೊತ್ತು.
ಹತ್ತೊಂಬತ್ತನೇ ಸಂಜೆ
ಮರದ ಕೊರಡಿಟ್ಟು ಮೆಲ್ಲನೆ ತಟ್ಟಿದರೆ
ಕೂದಲೆಳೆಯಷ್ಟು ಅಲುಗಿತು.
ನಾನು ಕೂಗಿದ ಕೂಗಿಗೆ ಗುಂಟಿಸ್
ಸೋಪಿನ ನೊರೆಯಲ್ಲೇ ಬಚ್ಚಲಿನಿಂದ ಓಡಿಬಂದ.

ಸಿಲಿಂಡರ್ ಎತ್ತಿದೆ. ಅದರಡಿಯ ಗ್ಯಾಸ್ಕೆಟ್ ಅಂಗಡಿಯದಲ್ಲ.
ಯಾರೋ ಮನೆಯ ಕತ್ತರಿಯಲ್ಲಿ ಕತ್ತರಿಸಿದ್ದು, ಅಂಚು ಸೊಟ್ಟ.
ಹಿಟ್ಟು ಕೆರೆಯುವ ತಗಡಿನಿಂದ ಉಗುರಗಲ ಉಗುರಗಲ ಎಬ್ಬಿಸಿ
ದೀಪಕ್ಕೆ ಹಿಡಿದರೆ
ಎಣ್ಣೆ ಕುಡಿದು ಜೇನಿನ ಬಣ್ಣವಾದ ಪೋಸ್ಟ್ ಕಾರ್ಡು.
ಸೀಸದ ಕಡ್ಡಿಯ ಅಕ್ಷರ.

ಮೇಲಿನ ಮೂಲೆಯಲ್ಲಿ: ಪ್ರೀತಿಯ ಝೆಂಟಾ.
ಕೆಳಗೆ, ಸ್ಟಡ್ಡಿನ ತೂತು ತಪ್ಪಿಸಿಕೊಂಡು: ಕಾಯಬೇಡ.
ನಡುವೆ ಅರವತ್ತೈದು ಮಿಲಿಮೀಟರಿನ ತೂತು.

ಹೇಳಬೇಕಾದದ್ದನ್ನೆಲ್ಲ ಹೇಳಿದ್ದ ಜಾಗದಲ್ಲಿ
ಪಿಸ್ಟನ್ನು ಏರಿದೆ, ಇಳಿದಿದೆ,
ಆಲೂಗಡ್ಡೆಯ ಮೂಟೆ ಹೊತ್ತು, ಮೀನಿನ ಬುಟ್ಟಿ ಹೊತ್ತು,
ಕೋಲ್ಖೋಜಿನ ಮಣ್ಣುದಾರಿ ಉದ್ದಕ್ಕೂ.
ಅಂಚೆಗೆ ಹಾಕಲಾರದೆ ಬರೆದವನೇ ಕತ್ತರಿಸಿದನೋ.
ನನಗೇನೋ ಕತ್ತರಿ ಹಿಡಿದ ಕೈ ಝೆಂಟಾಳದೇ ಅನ್ನಿಸುತ್ತದೆ:
ಓದಿ ಮುಗಿದಿತ್ತು. ಎಂಜಿನ್ ಸೋರುತ್ತಿತ್ತು.
ಕಾಗದವೆಂದರೆ ಕಾಗದವೇ,
ದಪ್ಪ ಸರಿಯಿತ್ತು.

ಬೇರಿಂಗುಗಳು ಫ್ರೀಜರಿನಲ್ಲಿ, ಆಗಸ್ಟಿನ ಅಣಬೆಗಳ ಪಕ್ಕ ಒಂದು ರಾತ್ರಿ.
ಕ್ರ್ಯಾಂಕ್‌ಕೇಸು ಒಲೆಯೊಳಗೆ. ಇದು ನನ್ನ ಸೀಮೆ:
ಉಗುಳು ಚುರ್ ಅಂದರೆ ಹದ ಬಂತೆಂದು ಲೆಕ್ಕ.
ಹೊಡೆಯಲಿಲ್ಲ, ಒತ್ತಲಿಲ್ಲ, ಇಕ್ಕಳದಿಂದ ಬಿಟ್ಟೆ.
ಟಕ್.
ತನ್ನ ಮನೆಗೆ ತಾನೇ ಹೋಗಿ ಕೂತಿತು.
ಆ ವಾರದ ರೊಟ್ಟಿಗೆಲ್ಲ ಗೇರ್ ಎಣ್ಣೆಯ ವಾಸನೆ.
ಶಾಜೀರಿಗೆ ಹೆಚ್ಚಾಯಿತೇನೋ ಅಂದ ಗುಂಟಿಸ್, ಪುಣ್ಯಾತ್ಮ.

ಚೆಕ್ ದೇಶದ ಪೊಟ್ಟಣದಲ್ಲಿ ಎಲ್ಲವೂ ಬಂದಿತ್ತು, ಆ ಗ್ಯಾಸ್ಕೆಟ್ ಒಂದು ಬಿಟ್ಟು.
ಬೇಕರಿಯವರು ಕೊನೆಯ ದಿನ ಕೊಟ್ಟ ಪ್ರಶಸ್ತಿಪತ್ರ
ಒಳ್ಳೆಯ ದಪ್ಪ ಕಾಗದ, ಚಿನ್ನದಂಚಿನದು.
ಝೆಂಟಾಳದ್ದನ್ನು ಮೇಲಿಟ್ಟು ಗೆರೆ ಎಳೆದು ಕತ್ತರಿಸಿದೆ.
ಯಾವ ಮಾತು ಹೋಯಿತು, ಯಾವುದು ಉಳಿಯಿತು, ಓದಲಿಲ್ಲ.
ಅಂಚು ನಯವಾಗಿದೆಯೇ ಅಂತ ಬೆರಳಾಡಿಸಿದೆ, ಅಷ್ಟೆ.

ಏಪ್ರಿಲ್. ಅಂಗಳದಲ್ಲಿ ಇನ್ನೂ ಕೊಳಕು ಹಿಮದ ಗುಪ್ಪೆ.
ಎಂಜಿನ್ನನ್ನು ಮತ್ತೆ ಇಳಿಸಿ ಫ್ರೇಮಿಗೆ ಕೂರಿಸಿದ್ದಾಯಿತು.
ಕಿಕ್ಕಿಗೂ ಗೇರಿಗೂ ಅದಕ್ಕೊಂದೇ ಕಡ್ಡಿ; ಒಳಕ್ಕೆ ಒತ್ತಿ, ಮೇಲೆತ್ತಿ, ತುಳಿದೆ.
ತುಳಿದೆ. ಎಂಟನೆಯದಕ್ಕೆ ಕೆಮ್ಮಿತು.
ಒಂಬತ್ತನೆಯದಕ್ಕೆ ಹಿಡಿಯಿತು, ಅಬ್ಬಬ್ಬಾ,
ನೀಲಿ ಹೊಗೆ ಮಹಡಿ ಮಹಡಿ ಹತ್ತಿತು,
ಕಿಟಕಿಗಳು ದಡದಡ ಮುಚ್ಚಿದವು, ಒಂದು ತೆರೆಯಿತು:
‘ಹಿಂದೆ ಸೀಟಿದೆಯೇ?’ ಸ್ಕೈದ್ರೀತೆ, ತಲೆಗೆ ವಸ್ತ್ರ ಬಿಗಿಯುತ್ತಾ.

ಅವಳು ಇಳಿದು ಬರುವಷ್ಟರಲ್ಲಿ ನಿಂತುಹೋಗಿತ್ತು.

ಝೆಂಟಾಳ ಕಾಗದ ಈಗ ಅಡುಗೆಮನೆಯ ಗಾಜಿನ ಮೇಲಿದೆ,
ಎಣ್ಣೆಯೇ ಅಂಟು. ತೂತಿನೊಳಗೆ
ಎದುರು ಮನೆಯವರ ಒಣಹಾಕಿದ ಕಾಲುಚೀಲ ಕಾಣುತ್ತವೆ.
ಕೆಳಗೆ ಮೊಟ್ಟೆಯ ತಟ್ಟೆ. ಹನ್ನೊಂದು ಗುಳಿ ಖಾಲಿ,
ಹನ್ನೆರಡನೆಯದರಲ್ಲಿ ಒಂದು ವಾಷರು.
ಎಲ್ಲಿಯದೋ ತಿಳಿಯದು.
ಗುಂಟಿಸ್ ಆಗಲೇ ಗೋಣಿ ಕೊಡವುತ್ತಿದ್ದಾನೆ.