ಅರ್ಧ ಕ್ಷಣ ಮುಂಚೆ

ಫೆರಾರಾ ಊರಿನ ಹಳೆಯ ಒಪೆರಾ ಮಂದಿರದಲ್ಲಿ
ನನ್ನದೊಂದು ಗೂಡು.
ರಂಗದ ಅಂಚಿಗೆ ಕವುಚಿಟ್ಟ ಆಮೆಚಿಪ್ಪು;
ಕತ್ತಿನವರೆಗೆ ನೆಲದೊಳಗೆ, ತಲೆ ಮಾತ್ರ ಕಥೆಯೊಳಗೆ.
ಜನಕ್ಕೆ ನಾನು ಕಾಣುವುದಿಲ್ಲ,
ನನಗೆ ಜನ ಕಾಣುವುದಿಲ್ಲ. ಕಾಣುವುದು ಬರೀ ಕಾಲು.

ಇಪ್ಪತ್ತಾರು ವರ್ಷವಾಯಿತು,
ಕಾಲು ನೋಡಿಯೇ ಜಾತಕ ಹೇಳಬಲ್ಲೆ:
ಮಹಾರಾಜನ ಬೂಟಿನ ಅಟ್ಟೆ ಕಿತ್ತಿದೆ,
ಹೊಟ್ಟೆಗಿಲ್ಲದ ಹೂವಾಡಗಿತ್ತಿಗೆ ಮೊನ್ನೆ ಕೊಂಡ ಚರ್ಮದ ಜೋಡು,
ವಿಷ ಬೆರೆಸುವ ಮಂತ್ರಿಗೆ ಮಂಡಿನೋವು.

ನನ್ನ ಕೆಲಸ ಇಷ್ಟೆ:
ಪ್ರತಿ ಸಾಲಿನ ಮೊದಲ ಪದವನ್ನು
ಅವರಿಗಿಂತ ಅರ್ಧ ಕ್ಷಣ ಮುಂಚೆ ಪಿಸುಗುಟ್ಟುವುದು.
ಹಾಗಾಗಿ ಎಲ್ಲ ಪ್ರೇಮವೂ ಮೊದಲು ನನ್ನ ಬಾಯಲ್ಲೇ ಹುಟ್ಟಿದ್ದು,
ಎಲ್ಲ ಶಾಪವೂ.
'ಕೊಲ್ಲು' ಎಂದು ನಾನಂದ ಮೇಲೇ
ಕತ್ತಿ ಒರೆಯಿಂದ ಹೊರಡುವುದು.
ಪಾಪದ ಲೆಕ್ಕ ಬರೆಯುವವನು
ಇದನ್ನೆಲ್ಲ ಯಾರ ಖಾತೆಗೆ ಹಾಕಿದ್ದಾನೋ.

ಕಥೆಗಳೇನು ಬಿಡಿ, ಒಂದೇ ಬಾವಿಯ ನೀರು.
ತೊಟ್ಟಿಲಲ್ಲಿ ಅದಲುಬದಲಾದ ಕೂಸು,
ಮುಸುಕು ಹಾಕಿದ್ದೇ ತಡ ಹೆಂಡತಿಯ ಗುರುತು ಸಿಗದ ಗಂಡ—
ದನಿಯೂ ಮರೆತುಹೋಯಿತೇ, ಪುಣ್ಯಾತ್ಮ?—
ಅಪ್ಪ ಕೊಟ್ಟ ಮಾತಿಗೆ ಮಗಳು ಬಲಿ,
ಮತ್ತೆ ಆ ಕಾಗದ.
ಅವನು ನಿರಪರಾಧಿ ಎಂಬ ಕಾಗದ,
ಕ್ಷಮಿಸಿದ್ದೇನೆ ಬಾ ಎಂಬ ಕಾಗದ,
ಯಾವ ಕುದುರೆ ಏರಿ ಹೊರಟರೂ
ಕೊನೆಯ ಅಂಕದಲ್ಲಿ, ಅವಳು ಬಿದ್ದ ಮೇಲೆಯೇ ಬರುತ್ತದೆ.
ನಾ ಕಂಡ ಹಾಗೆ ಒಂದೂ ಹೊತ್ತಿಗೆ ಬಂದದ್ದಿಲ್ಲ.
ಬಂದರೆ ಹಾಡೆಲ್ಲಿ?

ಕಳೆದ ಗುರುವಾರ ದೊನತೆಲ್ಲಾ ಬಾರಲ್ದಿಯ ಸರದಿ.
ಕ್ಷಯ, ಜೊತೆಗೆ ವಿರಹ.
ಹನ್ನೊಂದು ನಿಮಿಷ ಒಮ್ಮೆಯೂ ಕೆಮ್ಮದೆ ಹಾಡಿ
ನನ್ನ ಗೂಡಿನಿಂದ ಒಂದು ಮೊಳ ದೂರದಲ್ಲಿ
ಕೆನ್ನೆಯೂರಿ ಸತ್ತಳು.
ಪ್ರಿಯಕರ ಆಗಷ್ಟೇ ಓಡಿ ಬಂದು, ಕಾಗದ ಬಿಚ್ಚಿ,
ಎದೆ ಬಿರಿಯುವಂತೆ ಅಳತೊಡಗಿದ್ದ.
ಅವನಿಗೆ ಪದ ಕೊಡುತ್ತಿದ್ದೆ.
ಎರಡು ಪದದ ಸಂದಿಯಲ್ಲಿ, ತುಟಿ ಅಲುಗಿಸದೆ,
ಹೆಣ ಕೇಳಿತು:
"ಅಮ್ಮ ಏನಾದರೂ ಕಳಿಸಿದಳಾ?"

ವಿರಾಮದಲ್ಲಿ ತನ್ನ ಫೋನನ್ನು
ನನ್ನ ಮಡಿಲಿಗೆ ತುರುಕಿ ಹೋಗಿದ್ದಳು, ನಿಯಮ ಮೀರಿ.
ಮನೆಯಲ್ಲಿ ಮಗ. ಮೂರು ದಿನದ ಜ್ವರ, ನಲವತ್ತು ಡಿಗ್ರಿ.

ಇಣುಕಿದೆ.
ಪ್ರಿಯಕರ ಬಾಯ್ತೆರೆದು ನಿಂತಿದ್ದಾನೆ,
ಪಿಟೀಲಿನವರು ಕಮಾನು ಎತ್ತಿದ್ದಾರೆ,
ಪದ ನನ್ನಿಂದ ಬರಬೇಕು.
ಆ ಅರ್ಧ ಕ್ಷಣವನ್ನು ಕದ್ದೆ.
"ಮೂವತ್ತೇಳೂವರೆ" ಎಂದೆ. "ಸೂಪು ಕುಡಿದು ಮಲಗಿದ್ದಾನೆ."

ಹೆಣದ ಬೆನ್ನು ಮೆಲ್ಲಗೆ ಏರಿ ಇಳಿಯಿತು.
ಮುಚ್ಚಿದ ರೆಪ್ಪೆಯಿಂದ ಹನಿಯೊಂದು ಜಾರಿ
ಬಳಿದ ಬಿಳಿ ಬಣ್ಣದಲ್ಲಿ ಗೆರೆ ಕೊರೆದು
ಹಲಗೆಯ ಬಿರುಕಿಗಿಳಿಯಿತು.
ಪ್ರಿಯಕರ ಒಂದು ಮಾತ್ರೆ ತಡವಾಗಿ ದನಿಯೆತ್ತಿದ.
ಮೇಲಿನ ಅಗ್ಗದ ಸೀಟಿನಲ್ಲಿ ಯಾರೋ ಬಿಕ್ಕಿದರು.

ವಾದ್ಯಗೋಷ್ಠಿಯ ಯಜಮಾನರು ನನ್ನನ್ನು ಬೈದರು,
ಬೈಯಬೇಕಾದದ್ದೇ.
ಶನಿವಾರ ಮತ್ತೆ ಅದೇ ಆಟ.
ಕಾಗದ ಎಂದಿನಂತೆ ತಡ.
ದೊನತೆಲ್ಲಾ ಈ ಸಲ
ಇನ್ನೊಂದು ಗೇಣು ಹತ್ತಿರ ಬಂದು ಬಿದ್ದಳು,
ಮಾತಿಗೆ ಅನುಕೂಲವಾಗಲೆಂದು.