ತಿರುಪು

ಗಾಂಧಿಬಜಾರಿನ ಹಿಂದಿನ ಓಣಿಯಲ್ಲಿ
ಖುದ್ದೂಸ್ ಸಾಬರ ಕೋವಿ ರಿಪೇರಿ ಅಂಗಡಿ.
ಬೋರ್ಡಿನಲ್ಲಿ ‘ವಿ’ ಅಳಿಸಿಹೋಗಿ ಬರೀ ಕೋ ಉಳಿದಿದೆ.
“ಏನು ಬೇಕು ತೀರ್ಥಪ್ಪ?” ಅಂದರು. ಹೇಳಿದೆ.
“ಏನು?” ಅಂದರು. ಮತ್ತೆ ಹೇಳಿದೆ.
ಇಬ್ಬರೂ ಅಂಗೈಯನ್ನು ಕಿವಿಗೆ ದೊನ್ನೆ ಮಾಡಿಕೊಂಡು
ವ್ಯಾಪಾರಕ್ಕೆ ಕೂತೆವು.

ಮೂವತ್ತು ವರ್ಷ ಕಾಡಂಚಿನ ಜೋಳ ಕಾದವನು ನಾನು.
ಒಂಟಿ ನಳಿಗೆ, ಲೈಸೆನ್ಸಿನದು;
ಎಲೆಕ್ಷನ್ ಬಂದಾಗಲೆಲ್ಲ ಕುಂಸಿ ಠಾಣೆಗೆ ಹೋಗಿ ಮಲಗಿ ಬರುತ್ತೆ.
ಹಂದಿ ಬಂದರೆ ಆಕಾಶಕ್ಕೊಂದು ಈಡು.
ಆಕಾಶಕ್ಕೆ ಏನೂ ಆಗಲಿಲ್ಲ,
ನನ್ನ ಎಡಗಿವಿಯೊಳಗೆ ಜೀರುಂಡೆಯೊಂದು ಸಂಸಾರ ಹೂಡಿತು.

ಸಾಬರು ಮೊದಲು ಹಳದಿ ಸ್ಪಂಜಿನ ಬಿರಡೆ ಕೊಟ್ಟರು,
ಜೋಡಿಗೆ ಹತ್ತು ರೂಪಾಯಿ.
ತುರುಕಿಕೊಂಡೆ. ಲೋಕ ಬಾಗಿಲು ಹಾಕಿಕೊಂಡಿತು.
ಈಡೂ ಕೇಳದು, ಹಂದಿಯೂ ಕೇಳದು.
ನಾಯಿಯ ಬಾಯಿ ಕಟ್ಟಿ ಕಾವಲಿಗೆ ಬಿಟ್ಟ ಹಾಗೆ.

ಆಮೇಲೆ ಇದು: ಹಸಿರು ಬೋಗುಣಿ ಎರಡು,
ನಡುವೆ ಕಮಾನು, ಒಳಗೆ ಸೆಲ್ಲು, ಪಕ್ಕದಲ್ಲಿ ತಿರುಪು.
“ಎಲೆಕ್ಟ್ರಾನಿಕ್. ಸಣ್ಣ ಸದ್ದನ್ನ ಎತ್ತಿ ಕೊಡುತ್ತೆ,
ದೊಡ್ಡದು ಬಂದರೆ ರೆಪ್ಪೆ ಬಡಿಯೋದರೊಳಗೆ ಕದ ಮುಚ್ಚುತ್ತೆ.”
ನಮ್ಮ ತಾಲ್ಲೂಕು ಆಫೀಸು ಇದಕ್ಕೆ ಉಲ್ಟಾ, ಅಂದೆ.
ಸಾಬರಿಗೆ ಕೇಳಿಸಲಿಲ್ಲ. ನಕ್ಕರು.

“ದಪ್ಪದ್ದು ತಗೋಬೇಡ. ಕೆನ್ನೆ ಕೋವಿಯ ಮರಕ್ಕೆ ಒತ್ತಿದಾಗ
ಅಂಚು ತಾಗಿ ಜರುಗುತ್ತೆ. ಒಂದು ಹುಲ್ಲುಕಡ್ಡಿ ತೂರುವ ಸಂದು ಸಾಕು,
ಈಡು ಅಲ್ಲಿಂದಲೇ ನುಗ್ಗೋದು. ಕನ್ನಡಕದ ಕಡ್ಡಿ ತೆಳ್ಳಗಿರಲಿ.
ಎರಡು ಕಡೆಗೂ ಬೇರೆ ಬೇರೆ ಮೈಕು ಇರಬೇಕು,
ಇಲ್ಲಾಂದರೆ ಸದ್ದು ಯಾವ ದಿಕ್ಕಿನದೋ ತಿಳಿಯೋಲ್ಲ.
ನಾನು ಹತ್ತಿ ಉಂಡೆ ನಂಬಿ ಕೆಟ್ಟೆ” ಅಂತ
ತಮ್ಮ ಕಿವಿ ತಾವೇ ಹಿಂಡಿಕೊಂಡರು.

ಮೂರು ಸಾವಿರದ ಎಂಟುನೂರು.
ಹೆಂಡತಿಯ ಹತ್ತಿರ ಎಂಟುನೂರನ್ನು ಮಾತ್ರ ಗಟ್ಟಿಯಾಗಿ ಹೇಳಿದೆ.

ರಾತ್ರಿ ಅಟ್ಟಣಿಗೆ ಹತ್ತಿ ತಿರುಪು ತಿರುಗಿಸಿದೆ.
ಅಬ್ಬ!
ಜೋಳದ ಗರಿ ಗರಿಗೆ ಉಜ್ಜುವುದು,
ಏಣಿಯ ಹಗ್ಗ ಇಬ್ಬನಿ ಕುಡಿದು ಬಿಗಿಯುವುದು,
ಆನಂದಪುರದ ಆಚೆ ಎಲ್ಲೋ ರೈಲು.
ನನ್ನದೇ ಉಸಿರು. ಇಷ್ಟು ಮುದುಕನದಾ ಇದು?
ಜೀರುಂಡೆ ಮಾತ್ರ ಹಾಗೇ ಇತ್ತು. ಅದಕ್ಕೆ ತಿರುಪಿಲ್ಲ.
ಬಲಕ್ಕೆ, ಬದುವಿನಾಚೆ, ಒಂದು ಕೆಮ್ಮು.

ಓಂಕಾರಿ.
ಎರಡು ಮೊಳ ಬದುವಿಗೆ ಸರ್ವೆಯವರನ್ನು ಕರೆಸಿ
ಎಂಟು ವರ್ಷದಿಂದ ಮಾತು ಬಿಟ್ಟವರು ನಾವು.
ನಾಯಿಯ ಹತ್ತಿರ ಮಾತಾಡುತ್ತಿದ್ದ:
“ಮಲಗಬೇಡ ಕಣೇ ಡಾಲಿ. ತೀರ್ಥಪ್ಪನ ಕಿವಿ ಹೋಗಿದೆ,
ಆ ಕಡೆಯಿಂದ ನುಗ್ಗಿದರೆ ಅವನಿಗೆ ತಿಳಿಯೋಲ್ಲ.
ಅವನದ್ದೂ ಸೇರಿಸಿ ಬೊಗಳು.”

ತಿರುಪನ್ನು ಇನ್ನೊಂದು ಗೀಟು ಏರಿಸಿದೆ.
ಹೆಚ್ಚೇನೂ ಹೇಳಲಿಲ್ಲ. ಬೀಡಿಗೆ ಕಡ್ಡಿ ಗೀರಿದ,
ಅದು ಕಾಡಿಗೇ ಬೆಂಕಿ ಬಿದ್ದಷ್ಟು ಕೇಳಿಸಿತು.

ಮೂರನೇ ಜಾವಕ್ಕೆ ಬಂದವು, ಹಳ್ಳದಿಂದ, ಏಳೋ ಎಂಟೋ.
ಡಾಲಿಗಿಂತ ಮುಂಚೆ ನನಗೆ ಗೊತ್ತಾಯಿತು.
ಆಕಾಶಕ್ಕೆ ಹಾರಿಸಿದೆ.
ಬೋಗುಣಿಯೊಳಗೆ ಅದು, ಪಕ್ಕದ ಮನೆಯಲ್ಲಿ ಮಣೆ ಬಿದ್ದಷ್ಟೆ.
ಅವನೂ ಹಾರಿಸಿದ. ಬರಿಗಿವಿಯಲ್ಲಿ.

ಹಂದಿಗಳು ಹಳ್ಳ ದಾಟಿದ ಮೇಲೆ ಅವನ ದನಿ ಬಂತು,
ಮೊದಲಿಗಿಂತ ಜೋರಾಗಿ:
“ಯಾಕೇ ಡಾಲಿ, ಸುಮ್ಮನಾಗಿಬಿಟ್ಟೆ?”

ಡಾಲಿ ಗಂಟಲು ಹರಿಯುವಂತೆ
ಬೊಗಳುತ್ತಲೇ ಇತ್ತು.