ಅರವತ್ತೆರಡು ಸೊನ್ನೆ ನಾಲ್ಕು

ಬಂದರಿನ ಗುಜರಿಯಲ್ಲಿ, ತುಕ್ಕು ಸರಪಳಿ, ದೋಣಿಯ ಫ್ಯಾನು,
ಯಾರದೋ ಮನೆಯ ಕಿಟಕಿ ಸರಳುಗಳ ಅಡಿಯಲ್ಲಿ
ಹೊಟ್ಟೆ ಮೇಲಾಗಿ ಬಿದ್ದಿತ್ತು ಈ ಕೀಸುವ ಮಿಷನು.
"ಗಂಡನಿಗಾ?" ಕೇಳಿದರು ಇದಿನಬ್ಬ.
"ಕೈ ಇರುವವರಿಗೆ," ಅಂದೆ.
ನಕ್ಕು, ಐನೂರು ಬಿಟ್ಟರು.

ತಂದು ಒತ್ತಿದ ದಿನ ಇಡೀ ಬೋಳೂರಿಗೆ ಕೇಳಿತು ಅದರ ಬೊಬ್ಬೆ.
ಹಲಸಿನ ಹಲಗೆಯ ಮೇಲೆ ಅಲೆ ಅಲೆ ಗೆರೆ,
ನೀರು ಇಳಿದ ಮೇಲೆ ಮರಳಲ್ಲಿ ಉಳಿಯುವ ಹಾಗೆ.
ಮೆಟ್ಟುಕತ್ತಿಯ ಮಣೆ ಹೀಗಿದ್ದರೆ
ಅದರ ಮೇಲೆ ಕೂತು ಕಾಯಿ ತುರಿಯುವವರು ಯಾರು?
ಗೋಡೆಯಾಚೆಯಿಂದ ಫೆಲ್ಸಿಬಾಯಿ:
"ಆ ಹಂದಿಯನ್ನು ಒಮ್ಮೆ ಕೊಂದುಬಿಡು ಮಾರಾಯ್ತಿ,
ಹೀಗೆ ಅರೆಜೀವ ಮಾಡಬೇಡ."

ಬೆಲ್ಟು ಕಳಚಿ, ಶಾಫ್ಟನ್ನು ಕೈಯಲ್ಲೇ ತಿರುಗಿಸಿದೆ.
ಬಲಗಡೆ ನುಣ್ಣಗೆ.
ಎಡಗಡೆ, ಬೆರಳ ತುದಿಗೆ,
ಅನ್ನದಲ್ಲಿ ಕಲ್ಲು ಸಿಕ್ಕ ಹಾಗೆ ಒಂದು ಕಟ್.
ಮತ್ತೆ ತಿರುಗಿಸಿದೆ. ಅಲ್ಲೇ, ಮತ್ತೆ.
ಅಷ್ಟು ದೊಡ್ಡ ಬೊಬ್ಬೆಗೆ ಇಷ್ಟೇ.

ಪುಲ್ಲರ್ ಇಲ್ಲ. ಎರಡು ಸ್ಪ್ಯಾನರು, ತೆಂಗಿನ ಮರದ ಒಂದು ತುಂಡು,
ಸೀಮೆಎಣ್ಣೆ ಬಿಟ್ಟು ರಾತ್ರಿಯಿಡೀ ಕಾದದ್ದು,
ಬೆಳಿಗ್ಗೆ ಮೂರು ಪೆಟ್ಟು, ಒಂದು ಬೈಗುಳ,
ತುಳುವಿನದ್ದು, ಕನ್ನಡದ್ದಕ್ಕೆ ಅಷ್ಟು ಕಸುವಿಲ್ಲ.
ಬಂತು.
ಜೊತೆಗೆ ಬಂತು ಗ್ರೀಸಿನಲ್ಲಿ ಹಿಟ್ಟಾಗಿ ಕಲಸಿಹೋದ ಹಳೆಯ ಧೂಳು.
ಮೂಸಿದೆ. ತೇಗವಲ್ಲ, ಹಲಸೂ ಅಲ್ಲ.
ಹೆಬ್ಬಲಸು. ದೋಣಿಯ ಮರ.

ನೀಲಿಗಟ್ಟಿದ ಬಳೆಯಂಥ ಅದನ್ನು ಕಿಣಿಯವರ ಮೇಜಿನ ಮೇಲಿಟ್ಟೆ.
ಕನ್ನಡಕ ಹಣೆಗೇರಿಸಿ, ಒರೆಸಿ, ಓದಿದರು:
"ಅರವತ್ತೆರಡು ಸೊನ್ನೆ ನಾಲ್ಕು.
ಒರಿಜಿನಲ್ಲಾ, ನಡೆಯುವಂಥದ್ದಾ?"
ಬೆಲೆ ಕೇಳಿ ಸ್ವಲ್ಪ ಹೊತ್ತು ಅವರ ಫ್ಯಾನು ನೋಡಿದೆ.
ಒರಿಜಿನಲ್ಲೇ ತಂದೆ, ಒಂದಲ್ಲ, ಜೋಡಿ.
ನುಣ್ಣಗಿದ್ದದ್ದಕ್ಕೂ ಅದೇ ಪ್ರಾಯ ಅಲ್ಲವೆ.

ಶಾಫ್ಟನ್ನು ಐಸ್ ಪ್ಲಾಂಟಿನಲ್ಲಿ, ಬಂಗುಡೆಗಳ ಪಕ್ಕ ಮಲಗಿಸಿದೆ, ಕುಗ್ಗಲಿ ಎಂದು.
ಬೇರಿಂಗನ್ನು ದೋಸೆಯ ಕಾವಲಿ ಮೇಲೆ, ಹಿಗ್ಗಲಿ ಎಂದು.
ಸಣ್ಣ ಉರಿ, ಕೈಗೆ ಚುರ್ ಅನ್ನುವಷ್ಟೇ,
ಒಳಗಿನ ಗ್ರೀಸು ಕರಗಿ ಹೊರಗೆ ಬರಬಾರದು.
ಕೂಡಿಸಿದಾಗ ಒಂದೇ ಸದ್ದು: ಟಪ್.

ಆದರೆ ಎಡಗಡೆಯ ಗೂಡು ಸಡಿಲ.
ಕೂದಲೆಳೆಯಷ್ಟು. ಅಷ್ಟು ಸಾಕು, ಹೊಸತು ಹಳತರೊಳಗೆ ಗಿರಗಿರ ಸುತ್ತಲು.
ಆಗ ನೆನಪಾಯಿತು, ಕಳಚುವಾಗ ಉದುರಿದ ಒಂದು ಪಟ್ಟಿ.
ಕಸವೆಂದು ಗೆರಟೆಗೆ ಹಾಕಿದ್ದೆ. ತೊಳೆದೆ.
ತಗಡು. ಯಾವುದೋ ಪೌಡರ್ ಡಬ್ಬಿಯದ್ದು,
ಗುಲಾಬಿ ಬಣ್ಣ, ಅಳಿದುಳಿದ ಒಂದು ಕೊಂಬು, ಒಂದು ಸೊನ್ನೆ.
ಅಂಚನ್ನು ಅರದಲ್ಲಿ ತೀಡಿ,
ತುದಿಗೆ ತುದಿ ಕೂಡುವಲ್ಲಿ ಓರೆ ಕೊಯ್ದಿದ್ದಾನೆ ಪುಣ್ಯಾತ್ಮ,
ಒಂದರ ಮೇಲೊಂದು ಏರದ ಹಾಗೆ.

ನನ್ನದೇ ಮಾಡುತ್ತೇನೆಂದು ಹಠ ಹಿಡಿದು ಕೂತೆ.
ಹಾಲಿನ ಪುಡಿಯ ಡಬ್ಬಿ: ದಪ್ಪ.
ಬಿಯರ್ ಕ್ಯಾನು: ತೆಳು, ಸುಕ್ಕು ಬಿತ್ತು.
ಮಧ್ಯಾಹ್ನದ ಗಂಜಿ ಆರಿ ಕೆನೆಗಟ್ಟಿತು.
ಕೊನೆಗೆ ಅದೇ ಪಟ್ಟಿ ಅದೇ ಜಾಗಕ್ಕೆ.
ಹೆಬ್ಬೆರಳಲ್ಲಿ ಒತ್ತಿದೆ. ಅಲುಗಲಿಲ್ಲ.

ಡಬ್ಬಿ ಖಾಲಿಯಾಗಲೆಂದು ಕಾದದ್ದೋ,
ತುಂಬಿದ್ದನ್ನೇ ಸುರಿದು ಮನೆಯಲ್ಲಿ ಬೈಸಿಕೊಂಡದ್ದೋ.
ಗಂಡಸೆಂದೇ ಯೋಚಿಸುತ್ತಿದ್ದೇನೆ, ನಾನೂ.
ಫೋನು ಮಾಡಿ ಕೇಳಿದೆ, ಯಾರದ್ದಿತ್ತು ಇದು?
"ಲೋಡಿನಲ್ಲಿ ಬಂದದ್ದು," ಅಂದರು ಇದಿನಬ್ಬ,
"ತೂಕಕ್ಕೆ ಹೆಸರುಂಟಾ?"

ಸಂಜೆ ಒತ್ತಿದೆ.
ಹಲಗೆ ಹೋಯಿತು.
ಹಳದಿ ಸುರುಳಿ ಸುರಿಯಿತು ಪಾದದ ಮೇಲೆ, ಬೆಚ್ಚಗೆ,
ಹಣ್ಣಿನ ವಾಸನೆಯ ನೆನಪಿನಷ್ಟು ವಾಸನೆ.
ಗೋಡೆಯಾಚೆ ಬಾಗಿಲು ತೆರೆಯಿತು.
"ಎಂತ, ಕರೆಂಟು ಹೋಯಿತಾ?" ಫೆಲ್ಸಿಬಾಯಿ.
"ಇಲ್ಲ, ಉಂಟು," ಅಂದೆ.
ಕೂಗಿ ಹೇಳಬೇಕಾಗಲಿಲ್ಲ.